ಉಗುರಿನ ಬುಡಕ್ಕೆ ಕೂದಲೆಳೆಯಷ್ಟು ಜಾಗ

ಉಗುರಿನಷ್ಟು ಜಾಗದಲ್ಲಿ ಬಣ್ಣ ಹಚ್ಚಿ ಹೊಟ್ಟೆ ಹೊರೆಯುವವಳು ನಾನು. ಅಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ದೊಡ್ಡ ಕಿರಿಕಿರಿ ಹೇಗೆ ಹಿಡಿಸುತ್ತವೆಯೋ ದೇವರೇ ಬಲ್ಲ. ವಾರಕ್ಕೊಂದಾದರೂ ನಡೆಯುತ್ತದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೂ ನಗು ಬರುತ್ತದೆ, ಇಲ್ಲವೆಂದಲ್ಲ. ಆದರೆ ಅದು ಸಿಟ್ಟು ಇಳಿದ ಮೇಲೆ ಬರುತ್ತದೆ, ಮತ್ತು ನನ್ನ ಸಿಟ್ಟು ಲಗೂನೆ ಇಳಿಯುವ ಪೈಕಿ ಅಲ್ಲ.

ಬೆಟಗೇರಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ನನ್ನ ಪಾರ್ಲರ್ ಇದೆ. ಮೊದಲು ಅಲ್ಲಿ ನಮ್ಮ ಮಾವನವರ ಮಗ್ಗವಿತ್ತು. ಮಗ್ಗ ನಿಂತ ಮೇಲೆ ನಾನು ಕನ್ನಡಿ, ಕುರ್ಚಿ ಹಾಕಿಕೊಂಡು ಐಬ್ರೋ, ಫೇಶಿಯಲ್, ಮದುವೆ ಮೇಕಪ್ಪು ಅಂತ ಚೆಂದಾಗಿ ನಡೆಸಿಕೊಂಡು ಬಂದಿದ್ದೆ. ಒಂದು ದಿನ ನಮ್ಮ ಓಣಿಯ ಕಾಲೇಜು ಹುಡುಗಿ ಬಾಗಿಲಲ್ಲೇ ನಿಂತು, "ಆಂಟಿ, ಜೆಲ್ ಪಾಲಿಶ್ ಹಚ್ಚತೀರೇನ್ರಿ?" ಎಂದಳು. ಅವಳಿಗೆ ಮೊಟ್ಟಮೊದಲು ಐಬ್ರೋ ಮಾಡಿದವಳು ನಾನೇ.

"ಪಾಲಿಶ್ ಐತಿ. ಜೆಲ್ ಅಂದ್ರ ಯಾವುದು?" ಎಂದೆ.

ಅವಳು ನನ್ನನ್ನು ಪಾಪ ಎನ್ನುವಂತೆ ನೋಡಿ, "ಇರ್ಲಿ ಬಿಡ್ರಿ ಆಂಟಿ, ಗದಗಿನ್ಯಾಗ ಹಚ್ಚಿಸ್ಕೋತೀನಿ" ಎಂದು ಹೊರಟೇ ಹೋದಳು.

ಬೈದಿದ್ದರೆ ಬೇಕಾದರೆ ತಡೆದುಕೊಳ್ಳುತ್ತಿದ್ದೆ. ಆ "ಇರ್ಲಿ ಬಿಡ್ರಿ" ಮಾತ್ರ ಎದೆಗೆ ನಾಟಿತು. ಮರುವಾರವೇ ಗದಗಿನಲ್ಲಿ ಜೆಲ್ ಪಾಲಿಶ್ ಕಲಿಸುವ ಕ್ಲಾಸಿಗೆ ಸೇರಿದೆ.

೧. ಸುಣ್ಣ

ನಮಗೆ ಕಲಿಸುವ ಮೇಡಮ್ಮು ಲಕ್ಷ್ಮೇಶ್ವರದ ಬಳೆಗಾರರ ಮನೆಯ ಮುಸ್ಲಿಂ ಹುಡುಗಿ. ಹುಬ್ಬಳ್ಳಿಯಲ್ಲಿ ಕಲಿತು ಬಂದವಳು. ನನ್ನ ಮದುವೆಯಾದಾಗ ಅವಳಿನ್ನೂ ಬಾಲವಾಡಿಯಲ್ಲಿ ಇದ್ದಿರಬೇಕು. ನನ್ನನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದಳು, ಬಹುವಚನ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಆ ಬಹುವಚನದಲ್ಲೇ ನನ್ನ ಮಾನ ತೆಗೆಯುತ್ತಿದ್ದಳು.

ಜೆಲ್ ಪಾಲಿಶ್ ಗಾಳಿಗೆ ಒಣಗುವ ಬಣ್ಣವಲ್ಲ. ಅದಕ್ಕೊಂದು ಲ್ಯಾಂಪ್ ಇರುತ್ತದೆ, ಪಾರಿವಾಳದ ಗೂಡಿನಷ್ಟು. ಬಣ್ಣ ಹಚ್ಚಿದ ಕೈಯನ್ನು ಅದರೊಳಗಿಟ್ಟರೆ ನೇರಳೆ ಬೆಳಕಿಗೆ ಗಟ್ಟಿಯಾಗುತ್ತದೆ. ಆಮೇಲೆ ವಾರಗಟ್ಟಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಹಚ್ಚುವ ರೀತಿಗೂ ಕಟ್ಟುನಿಟ್ಟು ಬಹಳ. ಉಗುರು ತೀಡಬೇಕು, ಬುಡದ ತೊಗಲು ಹಿಂದಕ್ಕೆ ಸರಿಸಬೇಕು, ಎಣ್ಣೆಯ ಪಸೆ ಇರದಂತೆ ಒರೆಸಬೇಕು. ಕೆಳಗಿನ ಕೋಟ್ ತೆಳ್ಳಗೆ, ಬಣ್ಣ ತೆಳ್ಳಗೆ, ಮೇಲಿನ ಕೋಟ್ ಅದಕ್ಕಿಂತ ನಾಜೂಕು. ಬಣ್ಣ ತೊಗಲಿಗೆ ತಾಕಕೂಡದು. ಉಗುರಿನ ಬುಡಕ್ಕೆ ಕೂದಲೆಳೆಯಷ್ಟು ಜಾಗ ಬಿಡಬೇಕು, ಅದೂ ಸುತ್ತ ಒಂದೇ ಸಮ.

ನಾನು ಮೊದಲ ದಿನ ನನ್ನ ಪಕ್ಕದಲ್ಲಿ ಕೂತವಳ ಹೆಬ್ಬೆರಳಿಗೆ ಬಣ್ಣ ಹಚ್ಚಿದೆ. ಕೈ ಬಿಗಿ ಮಾಡದೆ, ಧಾರಾಳವಾಗಿ ಹಚ್ಚಿದೆ. ಲ್ಯಾಂಪಿನಿಂದ ಹೊರಗೆ ತೆಗೆದಾಗ ಅದು ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು.

ಮೇಡಮ್ಮು ಬಂದು ನೋಡಿದಳು. ದನಿ ಏರಿಸಲಿಲ್ಲ.

"ಅಕ್ಕಾರ, ಇದು ಉಗುರ್ರಿ. ನೀವು ದೀಪಾವಳಿಗೆ ಗ್ವಾಡಿಗೆ ಸುಣ್ಣ ಹೊಡದಂಗ ಹೊಡದೀರಿ."

ನನಗೆ ನೆತ್ತಿಗೇರಿತು. "ಮೇಡಮ್ಮಾರ, ಎಷ್ಟೋ ಮದುಮಕ್ಕಳ ಮುಖಾ ತಿದ್ದಿದ ಕೈ ಇದು" ಎಂದೆ.

"ಮುಖಾ ದೊಡ್ಡದಿರತೈತ್ರಿ, ತಪ್ಪು ಅಡಗತಾವು. ಉಗುರಿನ್ಯಾಗ ಅಡಗಾಕ ಜಾಗ ಇಲ್ಲ. ತಗೀರಿ, ಮತ್ತ ಹಚ್ಚರಿ."

ತೆಗೆದೆ. ಹಚ್ಚಿದೆ. ಮತ್ತೆ "ತಗೀರಿ" ಎಂದಳು. ಆ ದಿನವೆಲ್ಲ ನಾನು ಹಚ್ಚಿದ್ದಕ್ಕಿಂತ ತೆಗೆದದ್ದೇ ಹೆಚ್ಚು. ಪಕ್ಕದವಳಂತೂ ತನ್ನ ಹೆಬ್ಬೆರಳಿನ ಆಸೆಯನ್ನೇ ಬಿಟ್ಟಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನ ಮುಂದೆ ಎಲ್ಲ ಕಾರಿಕೊಂಡೆ. ನಾನು ಎಂಥವಳು, ನನ್ನ ಕೈ ಎಂಥದ್ದು, ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ಎಲ್ಲರೆದುರು ಸುಣ್ಣ ಹೊಡೆಯುವವಳು ಅನ್ನುವುದೇ ಎಂದು. ಅವರು ಚಹಾ ಕುಡಿಯುತ್ತ ಶಾಂತವಾಗಿ ಕೇಳಿಸಿಕೊಂಡರು. ಕಪ್ಪು ಕೆಳಗಿಟ್ಟು ಹೇಳಿದರು:

"ಇರ್ಲಿ, ಕಲತದ್ದು ಹಾಳಾಗಬಾರದು. ಹೆಂಗೂ ನಮ್ಮ ಅಡಗಿಮನಿ ಗ್ವಾಡಿ ಹಂಗ ಉಳದೈತಿ ನೋಡು."

೨. ಬಸ್ಸಿನಲ್ಲಿ ಒಂದು ಕೈ

ಮನೆಯಲ್ಲಿ ಅಭ್ಯಾಸ ಮಾಡಲು ಮೇಡಮ್ಮು ನನಗೊಂದು ರಬ್ಬರಿನ ಕೈ ಕೊಟ್ಟಿದ್ದಳು. ಮೊಣಕೈ ತನಕ ಇತ್ತು. ತೊಗಲಿನ ಬಣ್ಣ, ಬೆರಳು ಮಣಿಯುತ್ತಿದ್ದವು, ಉಗುರಿನ ಜಾಗದಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಉಗುರು ಸಿಕ್ಕಿಸಿ ಬಣ್ಣ ಹಚ್ಚುವುದು. ಮುಂಡರಗಿಯ ತವರಿಗೆ ಹೋಗುವಾಗ, ಅಲ್ಲೂ ಅಭ್ಯಾಸ ತಪ್ಪಬಾರದು ಎಂದು ಅದನ್ನು ಬ್ಯಾಗಿಗೆ ಹಾಕಿಕೊಂಡೆ. ಹಿಂದಿನ ದಿನವಷ್ಟೇ ಐದೂ ಉಗುರಿಗೆ ಕೆಂಪು ಬಣ್ಣ ಹಚ್ಚಿದ್ದೆ. ನಾನು ಆವರೆಗೆ ಹಚ್ಚಿದ್ದರಲ್ಲೆಲ್ಲ ಅದೇ ಚೊಕ್ಕ ಕೆಲಸ.

ಬಸ್ಸು ಗದಗಿನಿಂದಲೇ ತುಂಬಿತ್ತು. ಹೇಗೋ ಕಿಟಕಿ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತೆ. ಬ್ಯಾಗಿನ ಚೈನು ಕೆಟ್ಟಿತ್ತು. ತಗ್ಗು ದಿಣ್ಣೆಗೆ ಬಸ್ಸು ಎಗರಿದಂತೆಲ್ಲ ಕೈ ಮೆಲ್ಲಗೆ ಮೇಲಕ್ಕೆ ಬಂದಿದೆ, ನನಗೆ ಗೊತ್ತಿಲ್ಲ. ಕಪ್ಪತಗುಡ್ಡದ ಕಡೆ ನೋಡುತ್ತ ಕೂತುಬಿಟ್ಟಿದ್ದೆ.

ಮೊದಲು ನನ್ನ ಪಕ್ಕದ ಮುತ್ಯಾ ಎದ್ದು ಹಿಂದೆ ಹೋಗಿ ನಿಂತ. ವಯಸ್ಸಾದವನು, ಯಾಕೆ ನಿಂತ ಎಂದುಕೊಂಡೆ. ಆಮೇಲೆ ಮುಂದಿನ ಸೀಟಿನ ಹೆಂಗಸು ಹಿಂತಿರುಗಿ ನೋಡಿ, ಗಂಡನ ತೋಳು ಜಗ್ಗಿ, ಇಬ್ಬರೂ ಎದ್ದರು. ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ನನ್ನ ಸುತ್ತ ಮಾತ್ರ ಸೀಟು ಖಾಲಿ. ಕೊನೆಗೆ ಕೆಳಗೆ ನೋಡಿದೆ. ನನ್ನ ಬ್ಯಾಗಿನಿಂದ ಕೆಂಪು ಉಗುರಿನ ಐದು ಬೆರಳು ಎದ್ದು, ಎಲ್ಲರಿಗೂ ಆಶೀರ್ವಾದ ಮಾಡುತ್ತಿದ್ದವು.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದ. "ಏನ್ರೀ ಅಕ್ಕಾರ ಅದು?"

"ರಬ್ಬರ್ರಿ. ಉಗುರು ಬಣ್ಣಾ ಹಚ್ಚೋದು ಕಲ್ಯಾಕ ಕೊಟ್ಟಾರ" ಎಂದು ಕೈಯನ್ನು ಹೊರಗೆಳೆದು ಬೆರಳು ಮಡಚಿ ತೋರಿಸಿದೆ. ತೋರಿಸಬಾರದಿತ್ತು. ಹಿಂದೆ ಒಂದು ಕೂಸು ಕಿಟಾರನೆ ಚೀರಿತು.

ಕಂಡಕ್ಟರ್ ಆ ಕೈಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಕೆಲಸದ ನಾಜೂಕು ನೋಡುತ್ತಿದ್ದಾನೆ ಎಂದು ನನಗೆ ತುಸು ಹೆಮ್ಮೆಯಾಯಿತು.

"ಹೆಣ್ಮಗಳ ಕೈ ಏನ್ರಿ ಇದು?" ಎಂದ.

"ಮತ್ತ? ನೋಡಿದ್ರ ಗೊತ್ತಾಗೂದಿಲ್ಲೇನ್ರಿ?"

"ಹಂಗಾರ ಟಿಕೆಟ್ ಬ್ಯಾಡ. ಇದರ ಆಧಾರ್ ಕಾರ್ಡ್ ಒಂದು ತೋರಸಿಬಿಡ್ರಿ."

ಇಡೀ ಬಸ್ಸು ನಕ್ಕಿತು. ಮುಂಡರಗಿ ಬರುವ ತನಕ ನಕ್ಕಿತು. ಬುಡಕ್ಕೆ ಬಿಟ್ಟ ಜಾಗ ಎಷ್ಟು ಸಮ ಇದೆ ಎಂದು ಒಬ್ಬರಾದರೂ ನೋಡಬೇಕಲ್ಲ? ಒಬ್ಬರೂ ನೋಡಲಿಲ್ಲ.

೩. ಅತ್ತೆಯವರ ಬಲಗೈ

ರಬ್ಬರಿನ ಕೈ ಮುಗಿದ ಮೇಲೆ ಮೇಡಮ್ಮು ಹೊಸ ಪರೀಕ್ಷೆ ಇಟ್ಟಳು. "ಅಕ್ಕಾರ, ದುಡಿಯೋ ಕೈಗೆ ಹಚ್ಚರಿ. ಎರಡು ವಾರ ಬಿಟ್ಟು ಕರಕೊಂಡು ಬರ್ರಿ. ಅಂಚು ಎದ್ದಿತ್ತಂದ್ರ ನೀವು ಪಾಸಿಲ್ಲ."

ನಮ್ಮ ಮನೆಯಲ್ಲಿ ದುಡಿಯುವ ಕೈ ಎಂದರೆ ಅತ್ತೆಯವರದು. ಶಿರಹಟ್ಟಿಯ ಕಡೆಯವರು, ದಿನಾ ಜೋಳದ ರೊಟ್ಟಿ ಬಡಿಯುವವರು. ಬಹಳ ಹೊತ್ತು ಬೇಡಿಕೊಂಡ ಮೇಲೆ ಬಲಗೈ ಒಂದನ್ನೇ ಕೊಡಲು ಒಪ್ಪಿದರು. ಕೈಯನ್ನು ಲ್ಯಾಂಪಿನೊಳಗೆ ಇಡಿಸಿದೆ. ನೇರಳೆ ಬೆಳಕು ಬಂತು.

"ಇದರಾಗ ಎಷ್ಟೊತ್ತು ಬೇಯಬೇಕು?" ಎಂದರು.

"ಬೇಯೂದಿಲ್ರೀ ಅತ್ತಿ, ಗಟ್ಟಿ ಆಗತೈತಿ."

"ಅದ. ಬೆಂದ ಮ್ಯಾಲೇ ಅಲ್ಲೇನು ಗಟ್ಟಿ ಆಗೂದು?"

ಐದು ಉಗುರು ಥಳಥಳ ಹೊಳೆದವು. ಅವರು ಆ ಕೈಯಲ್ಲೇ ರೊಟ್ಟಿ ಬಡಿದರು, ಪಾತ್ರೆ ತಿಕ್ಕಿದರು, ಬಟ್ಟೆ ಒಗೆದರು. ಒಂದು ಚೂರೂ ಎದ್ದೇಳಲಿಲ್ಲ. ನಾನು ದಿನಾ ಅವರ ಬೆರಳು ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ. ಓಣಿಯವರು ಸೊಸೆಗೆ ಅತ್ತೆಯ ಮೇಲೆ ಇದೇನು ಅಕ್ಕರೆ ಎಂದು ಆಡಿಕೊಂಡರು.

ಅಷ್ಟರಲ್ಲಿ ಶಿರಹಟ್ಟಿಯಿಂದ ಖಬರು ಬಂತು. ಅತ್ತೆಯವರ ದೂರದ ಅಣ್ಣ ತೀರಿಕೊಂಡಿದ್ದರು, ವಯಸ್ಸಾಗಿತ್ತು. ಅತ್ತೆ ಕೈ ಮುಂದೆ ಮಾಡಿ, "ತಗದುಬಿಡು. ಸತ್ತ ಮನಿಗೆ ಹಿಂಗ ಹೋಗಲೇನು?" ಎಂದರು.

"ಎರಡು ವಾರ ಆಗಿಲ್ರೀ ಅತ್ತಿ. ಈಗ ತಗದ್ರ ನಾ ನಪಾಸು."

ಅವರು ನನ್ನನ್ನು ಸುಡುವಂತೆ ನೋಡಿದರು. ಆದರೂ ಒಳ್ಳೆಯವರು, ಕೈಗೆ ಕರವಸ್ತ್ರ ಸುತ್ತಿಕೊಂಡು ಹೊರಟರು.

ಅಲ್ಲಿ ಏನಾಯಿತೆಂದು ಅವರೇ ಬಂದು ಹೇಳಿದ್ದು. ಹೆಂಗಸರೆಲ್ಲ ಸೇರಿ ಅಳುತ್ತಿದ್ದರಂತೆ. ಇವರ ಕೈ ನೋಡಿ ಒಬ್ಬಳು, "ಕೈಗೇನಾತವ್ವಾ?" ಎಂದಳಂತೆ. ಇವರು, "ಸುಟ್ಟೈತಿ" ಎಂದರು. ಸುಟ್ಟ ಕೈಗೆ ಬಟ್ಟೆ ಸುತ್ತುವುದೇ, ಔಷಧ ಹಚ್ಚೋಣ ಎಂದು ಆಕೆ ಬಿಚ್ಚಿಯೇಬಿಟ್ಟಳು. ಅಳು ನಿಂತಿತು. ಕೈ ಒಬ್ಬರಿಂದ ಒಬ್ಬರಿಗೆ ಹೋಯಿತು. ಉಗುರಿನಿಂದ ಕೆರೆದು ನೋಡಿದವರು ಕೆಲವರು, ಸೆರಗು ಒದ್ದೆ ಮಾಡಿ ತಿಕ್ಕಿ ನೋಡಿದವರು ಕೆಲವರು.

ನಾನು ಮುಖ ಮುಚ್ಚಿಕೊಂಡೆ. "ಅತ್ತಿ, ನಿಮಗ ಭಾಳ ಅವಮಾನ ಆತೇನ್ರಿ?"

"ಅವಮಾನ ನನಗ್ಯಾಕ? ನಮ್ಮಣ್ಣಗ ಆತು. ಅಂವನ ಹೆಸರು ಒಬ್ಬರೂ ಎತ್ತಲಿಲ್ಲ, ಎಲ್ಲಾರೂ ನಿನ್ನ ಹೆಸರ ಕೇಳಿದ್ರು" ಎಂದರು. ಆಮೇಲೆ ಹತ್ತಿರ ಬಂದು ಕೂತು, ಎಡಗೈ ಚಾಚಿದರು.

"ಇದಕ್ಕೂ ಹಚ್ಚು. ನಮ್ಮಣ್ಣನ ದಿನದ ಕಾರ್ಯಕ್ಕ ಮತ್ತ ಹೋಗೂದೈತಿ."

೪. ಲ್ಯಾಂಪಿನ ಗಿರಾಕಿಗಳು

ಅತ್ತೆಯವರ ಬಲಗೈ ನನ್ನನ್ನು ಪಾಸು ಮಾಡಿಸಿತು. ಸ್ವಂತ ಲ್ಯಾಂಪ್ ತಂದೆ. ಬಾಗಿಲಿಗೆ ಬೋರ್ಡು ಹಾಕಿದೆ. ಮೊದಲ ದಿನ ಬಂದ ಮೊದಲ ಮನುಷ್ಯ ಪಕ್ಕದ ಮೊಬೈಲ್ ಅಂಗಡಿಯವ.

"ಅಕ್ಕಾರ, ನನ್ನ ಲೈಟು ಕೆಟ್ಟೈತಿ. ಒಂದು ಮೊಬೈಲಿಗೆ ಗ್ಲಾಸ್ ಕುಂಡ್ರಸಬೇಕು. ಅದರ ಅಂಟೂ ಇಂಥಾ ಬೆಳಕಿಗೇ ಗಟ್ಟಿ ಆಗೂದು. ಒಂದ ಸಲ ಕೊಡ್ರಿ."

ನೆರೆಯವನು, ಕೊಟ್ಟೆ. ಮರುದಿನ ಮತ್ತೊಂದು ಮೊಬೈಲು. ಅದರ ಮರುದಿನ ಅವನು ಬರಲಿಲ್ಲ, ಗಿರಾಕಿಯನ್ನೇ ನೇರ ನನ್ನ ಹತ್ತಿರ ಕಳಿಸಿದ. ಮದುಮಗಳು ಕೂರಬೇಕಾದ ಕುರ್ಚಿಯಲ್ಲಿ ಲುಂಗಿ ಉಟ್ಟ ಗಂಡಸರು ಕೂತು, ಲ್ಯಾಂಪಿನೊಳಗೆ ಮೊಬೈಲ್ ಇಟ್ಟು, "ಆತೇನ್ರಿ?" ಎಂದು ಕೇಳತೊಡಗಿದರು.

ಒಂದು ದಿನ ಹೀಗೆಯೇ ಒಬ್ಬ ಗೃಹಸ್ಥ ಮೊಬೈಲು ಬೇಯಿಸಿಕೊಳ್ಳುತ್ತ ಕೂತಿದ್ದಾಗ, ನಾನು ಪಕ್ಕದಲ್ಲಿ ಒಬ್ಬ ಹುಡುಗಿಯ ಕಿರುಬೆರಳಿಗೆ ಉಸಿರು ಬಿಗಿಹಿಡಿದು ಬಣ್ಣ ಹಚ್ಚುತ್ತಿದ್ದೆ. ಆತ ಬಹಳ ಹೊತ್ತು ಬಗ್ಗಿ ನೋಡಿ, ಮೆಚ್ಚುಗೆಯಿಂದ ತಲೆ ಆಡಿಸಿದ.

"ಚೊಲೊ ಆತು ಬಿಡ್ರಿ. ಮೊಬೈಲ್ ಜೋಡಿ ಉಗುರಿನ ಕೆಲಸಾನೂ ಸುರು ಮಾಡೀರಿ."

೫. ದವಾಖಾನೆಯ ಬೆರಳು

ನಮ್ಮ ಓಣಿಯ ಒಬ್ಬ ಬಸುರಿ ಹೆಣ್ಣುಮಗಳು ಸೀಮಂತದ ಕುಬಸಕ್ಕೆಂದು ನನ್ನ ಹತ್ತಿರ ಹಸಿರು ಬಳೆಗೆ ಒಪ್ಪುವ ಹಸಿರು ಬಣ್ಣ ಹಚ್ಚಿಸಿಕೊಂಡಿದ್ದಳು. ಹೆರಿಗೆಗೆ ಇನ್ನೂ ಸಮಯವಿದೆ ಎಂದಿದ್ದರು. ಕೂಸು ಕೇಳಲಿಲ್ಲ. ಕುಬಸ ಮುಗಿದು ನಾಲ್ಕು ದಿನಕ್ಕೇ ನೋವು ಶುರುವಾಗಿ ದವಾಖಾನೆಗೆ ಸೇರಿಸಿದರು. ಬೆಳಿಗ್ಗೆ ನನಗೆ ಫೋನು. ಅವಳ ತಾಯಿ ಏದುಸಿರು ಬಿಡುತ್ತ, "ಸಾಮಾನಿನ ಬ್ಯಾಗು ತಗೊಂಡು ಇದ್ದಂಗ ಎದ್ದು ಬಾರವ್ವ, ಸಿಸ್ಟರ್ ನಿನ್ನ ಕರಿಯಾಕತ್ತಾರ" ಎಂದರು.

ಓಡಿದೆ. ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು.

"ಆಕಿ ಉಗುರಿಗೆ ಅದನ್ನ ಬಡದವರು ನೀವೇನ್ರಿ?"

ಹಚ್ಚಿದವರು ಅನ್ನಲಿಲ್ಲ, ಬಡಿದವರು ಅಂದರು. ಹೌದೆಂದು ತಲೆಯಾಡಿಸಿದೆ.

"ಬೆರಳಿಗೆ ಕ್ಲಿಪ್ ಹಾಕಿ ಮೈಯಾಗಿನ ಆಕ್ಸಿಜನ್ ನೋಡಬೇಕು. ನಿಮ್ಮ ಬಣ್ಣದಿಂದ ಮಷಿನ್ ಓದವಲ್ದು. ರಿಮೂವರ್ ಹಚ್ಚಿದ್ವಿ, ಹೋಗವಲ್ದು. ಬ್ಲೇಡ್ ಹಚ್ಚಬೇಕಾ?"

"ಬ್ಲೇಡ್ ಹಚ್ಚಬ್ಯಾಡ್ರಿ, ಉಗುರು ಹಾಳಾಗತೈತಿ" ಎಂದು ಒಳಗೆ ಹೋದೆ. ಮೇಲಿನ ಪದರ ಉಜ್ಜಬೇಕು, ಔಷಧದ ಹತ್ತಿ ಇಡಬೇಕು, ಮೇಲೆ ಬೆಳ್ಳಿ ಹಾಳೆ ಸುತ್ತಿ ಕಾಯಬೇಕು. ಅವಸರದ ಕೆಲಸವಲ್ಲ. ಇವಳು ನೋವಿಗೆ ಮಂಚದ ಕಂಬಿ ಹಿಡಿದು ಹೊರಳುತ್ತಿದ್ದಾಳೆ. ತೋರುಬೆರಳಿನದು ಬಿಟ್ಟಿತು, ಕ್ಲಿಪ್ಪು ಹಾಕಿದರು, ಮಷಿನ್ ಓದಿತು, ಎಲ್ಲರಿಗೂ ಜೀವ ಬಂದಂತಾಯಿತು. ನಾನು ಮುಂದಿನ ಬೆರಳಿಗೆ ಕೈ ಹಾಕಿದೆ. ಅಷ್ಟು ನೋವಿನಲ್ಲೂ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಒಂದ ಬೆರಳು ಸಾಕಂದಾರ ಅಕ್ಕಾ. ಉಳದವು ಇರ್ಲಿ. ತೊಟ್ಟಲದಾಗ ಹಾಕೋ ದಿನಾ ಫೋಟೋ ತಗೀತಾರ."

ಹೊರಗೆ ಬಂದು ಕೂತೆ. ನನ್ನ ತಪ್ಪೇನಿತ್ತು ಇದರಲ್ಲಿ? ಹೋಗದಂತೆ ಹಚ್ಚಲು ಕಲಿತೆ, ಹೋಗದಂತೆ ಹಚ್ಚಿದೆ, ಹೋಗಲಿಲ್ಲ ಎಂದು ಬೈಸಿಕೊಂಡೆ. ಮನಸ್ಸಿನಲ್ಲೇ ಸಿಸ್ಟರಿಗೆ ಉತ್ತರ ಕೊಡುತ್ತ ಕೂತಿದ್ದಾಗ ಒಳಗಿನಿಂದ ಕೂಸು ಅತ್ತದ್ದು ಕೇಳಿಸಿತು. ಸಿಸ್ಟರ್ ಹೊರಗೆ ಬಂದರು. ಈ ಸಲ ಮುಖ ನಗುತ್ತಿತ್ತು.

"ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಆರಾಮದಾರ" ಎಂದು ಎಲ್ಲರಿಗೂ ಹೇಳಿ, ನನ್ನ ಕಡೆ ತಿರುಗಿದರು. "ಉಗುರು ಭಾಳ ಚಂದ ಅದಾವು. ನೀವು ಮಾತ್ರ ದೂರ ಇರ್ರಿ."

೬. ಲಕ್ಷ್ಮೇಶ್ವರದ ಮದುವೆ

ಲಕ್ಷ್ಮೇಶ್ವರದ ಕಾಳುಕಡಿ ವ್ಯಾಪಾರಸ್ಥರ ಮನೆಯ ಮದುವೆ. ಮದುಮಗಳ ಇಡೀ ಶೃಂಗಾರ ನನ್ನದು. ಅಷ್ಟು ದೊಡ್ಡ ಮನೆಯಿಂದ ಕರೆ ಬಂದದ್ದು ಅದೇ ಮೊದಲು. ಅಲ್ಲಿ ಕೆಲಸ ಮೆಚ್ಚಿದರೆ ಲಕ್ಷ್ಮೇಶ್ವರ ಪೇಟೆಯೇ ನನ್ನ ಕೈಗೆ ಬಂದಂತೆ ಎಂದುಕೊಂಡು, ಬೆಳಗಿನ ಮೊದಲ ಬಸ್ಸಿಗೇ ಹೋಗಿ ಇಳಿದೆ.

ಉಗುರಿಗೆ ಗುಲಾಬಿ ಬಣ್ಣ ಹಚ್ಚಿದೆ. ಹೇಳಬಾರದು, ಆದರೂ ಹೇಳುತ್ತೇನೆ, ಅಂಥ ಕೆಲಸ ನಾನು ಅದಕ್ಕೂ ಮೊದಲು ಮಾಡಿರಲಿಲ್ಲ. ಹತ್ತೂ ಬೆರಳಿಗೆ ಮೇಲಿನ ಕೋಟ್ ಹಚ್ಚಿ, ಕೈಯನ್ನು ಲ್ಯಾಂಪಿನೊಳಗೆ ಇಡಿಸಿ ಗುಂಡಿ ಒತ್ತಿದೆ. ಕರೆಂಟು ಹೋಯಿತು.

ಪೆಂಡಾಲಿನ ಜನರೇಟರ್ ಶುರು ಮಾಡಿರಿ ಎಂದೆ. ಅದನ್ನು ನೋಡಿಕೊಳ್ಳುವವನು ನಾಷ್ಟಾಕ್ಕೆ ಹೋಗಿದ್ದ. ಕೀಲಿ ಅವನ ಕಿಸೆಯಲ್ಲಿತ್ತು.

ಮದುಮಗಳು ಹತ್ತು ಬೆರಳು ಅಗಲಿಸಿಕೊಂಡು ಕೂತಳು. ಅವಳ ಸೋದರತ್ತೆ ಬಂದು, "ಒಣಗವಲ್ದೇನು? ಊದ್ರಿ, ಎಲ್ಲಾರೂ ಊದ್ರಿ" ಎಂದರು. ಚಿಗವ್ವ, ದೊಡ್ಡವ್ವ, ಸೋದರತ್ತೆ, ಬೆರಳಿಗೊಬ್ಬರಂತೆ ಕೂತು ಒಲೆ ಊದಿದ ಹಾಗೆ ಊದತೊಡಗಿದರು.

"ಊದಬ್ಯಾಡ್ರಿ, ಇದು ಗಾಳಿಗೆ ಒಣಗೂದಿಲ್ಲ. ಬೆಳಕಿಗೆ ಒಣಗತೈತಿ" ಎಂದು ಅಂಗಲಾಚಿದೆ.

ಅವಳ ಕಾಕಾ ಹೊಲಕ್ಕೆ ಒಯ್ಯುವ ಟಾರ್ಚ್ ತಂದು, "ಬೆಳಕ ಬೇಕಲ್ಲ? ತಗೋರಿ" ಎಂದು ನನ್ನ ಕಣ್ಣಿಗೇ ಬಿಟ್ಟರು.

ಕೆಳಗಿನಿಂದ ಮುಹೂರ್ತಕ್ಕೆ ಕರೆ ಬರುತ್ತಿತ್ತು. ಬಿಸಿಲಿನಲ್ಲಿ ಹಿಡಿದರೆ ನಿಧಾನಕ್ಕಾದರೂ ಗಟ್ಟಿಯಾಗುತ್ತದೆ ಎಂದು ಗೊತ್ತಿತ್ತು. ಅವಳನ್ನು ಮಾಳಿಗೆಯ ಮೇಲಕ್ಕೆ ಕರೆದುಕೊಂಡು ಹೋದೆ. ಹಿಂದೆ ಸೋದರತ್ತೆ, ಚಿಗವ್ವ, ಟಾರ್ಚಿನ ಸಮೇತ ಕಾಕಾ. ಮಾಳಿಗೆಯ ಮೇಲೆ ಅಕ್ಷತೆಗೆಂದು ಅರಿಷಿಣ ಹಚ್ಚಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರಡಿ ಆರಲು ಬಿಟ್ಟಿದ್ದರು. ಮದುಮಗಳು ಕೈ ಮುಂದೆ ಚಾಚಿಕೊಂಡೇ ನಡೆಯುತ್ತಿದ್ದಳು, ಸೀರೆಯ ನಿರಿಗೆ ಕಾಲಿಗೆ ತೊಡರಿತು. ಬಿದ್ದಳು. ಪೆಟ್ಟಾಗಲಿಲ್ಲ. ಎರಡೂ ಕೈ ಬೆರಳು ಮುಳುಗುವಷ್ಟು ಅಕ್ಕಿಯೊಳಗೆ ಹೂತವು.

ಎತ್ತಿದಾಗ ಹತ್ತು ಉಗುರಿಗೂ ಹಳದಿ ಅಕ್ಕಿ. ಚಿಮಟಿಗೆಯಿಂದ ಒಂದೊಂದೇ ಕಾಳು ಕೀಳಲು ಹೋದೆ. ಲಕ್ಷ್ಮೇಶ್ವರದ ಬಿಸಿಲು ನನಗಿಂತ ಚುರುಕು, ಆಗಲೇ ಹಿಡಿದುಬಿಟ್ಟಿತ್ತು. ಹುಡುಗಿ ಅಳಲು ಶುರು ಮಾಡಿದಳು. ಸೋದರತ್ತೆ ನನ್ನ ಕಡೆ ತಿರುಗಿದರು. ನಾನು ಬಸ್ಸಿನ ವೇಳೆ ಯೋಚಿಸತೊಡಗಿದೆ.

ಅಷ್ಟರಲ್ಲಿ ಹುಡುಗಿಯ ಅಜ್ಜ ಮೇಲೆ ಬಂದರು. ಜೀವನವೆಲ್ಲ ಕಾಳು ನೋಡಿಯೇ ವ್ಯಾಪಾರ ಮಾಡಿದ ಹಿರಿಯರು. ಮೊಮ್ಮಗಳ ಕೈ ಹಿಡಿದು, ಬೆಳಕಿಗೆ ಓರೆ ಮಾಡಿ, ಉಗುರನ್ನು ಬಹಳ ಹೊತ್ತು ನೋಡಿದರು.

"ಅಕ್ಕಿ ಚೊಲೊ ಐತಿ" ಎಂದರು. "ನುಚ್ಚಿಲ್ಲ."

ಆಮೇಲೆ ಹೆಂಗಸರಿಗೆ, "ಅಕ್ಷತಿ ತಾನಾಗೇ ಬಂದು ಕೈ ಮ್ಯಾಲೆ ಕುಂತೈತಿ. ಅಳೂದೇನೈತಿ ಇದರಾಗ? ನಡೀರಿ" ಎಂದರು. ಮುಗಿಯಿತು. ಮದುವೆಗೆ ಬಂದವರೆಲ್ಲ ಅದನ್ನು ಹೊಸ ಡಿಸೈನು ಎಂದೇ ತಿಳಿದರು. ಗಂಡಿನ ತಂಗಿ ಊಟಕ್ಕೆ ಮೊದಲೇ ನನ್ನ ನಂಬರ್ ತೆಗೆದುಕೊಂಡಳು.

ಅಂದಿನಿಂದ ಶಿರಹಟ್ಟಿಯಿಂದ ಫೋನು, ಮುಂಡರಗಿಯಿಂದ ಫೋನು. ಎಲ್ಲರಿಗೂ ಬೇಕಾದದ್ದು ಅದೇ, "ಲಕ್ಷ್ಮೇಶ್ವರದ ಅಕ್ಕಿ ಡಿಸೈನ್". ಅದು ಡಿಸೈನಲ್ಲ, ಬಿದ್ದದ್ದು ಎಂದು ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ಬೇರೆಯವರಿಗೆ ಕಲಿಸಬಾರದೆಂದು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡರು.

ಮೊನ್ನೆ ಮುಂಡರಗಿಯಿಂದ ಒಬ್ಬ ಹೆಣ್ಣುಮಗಳು ಬಸ್ಸು ಹಿಡಿದು ಬಂದಳು. ನಾನು ಹಟ ಹಿಡಿದು ಅವಳನ್ನು ಕೂರಿಸಿ, ನನ್ನ ಒಳ್ಳೊಳ್ಳೆಯ ಕೆಲಸದ ಫೋಟೋ ಎಲ್ಲ ತೋರಿಸಿದೆ. ಬಣ್ಣ ತೊಗಲಿಗೆ ತಾಕದಂತೆ ಹಚ್ಚುವುದು ಎಷ್ಟು ಕಷ್ಟ, ಬುಡಕ್ಕೆ ಬಿಟ್ಟ ಜಾಗ ಹೇಗೆ ಒಂದೇ ಸಮ ಇದೆ, ಅಂಚು ಹೇಗೆ ಮುಚ್ಚಿದ್ದೇನೆ, ಎಲ್ಲ ವಿವರಿಸಿದೆ. ಅವಳು ಎಲ್ಲ ಫೋಟೋ ತಾಳ್ಮೆಯಿಂದ ನೋಡಿದಳು. ಎಲ್ಲದಕ್ಕೂ "ಹೂಂನ್ರಿ, ಚಂದ ಐತ್ರಿ" ಎಂದಳು. ಕೊನೆಗೂ ನಾಜೂಕು ಅರಿಯುವವಳು ಒಬ್ಬಳು ಸಿಕ್ಕಳಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಅವಳು ಮೆಲ್ಲಗೆ ತನ್ನ ಬ್ಯಾಗಿನಿಂದ ಒಂದು ಸಣ್ಣ ಗಂಟು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಳು.

"ಅಕ್ಕಿ ಮನೀಂದ ತಂದೀನ್ರಿ ಅಕ್ಕಾರ. ನೀವು ರೇಷನ್ ಅಕ್ಕಿ ಹಚ್ಚಬ್ಯಾಡ್ರಿ ಮತ್ತ."